ಅಂಗೈ ಯಾವ ಕಡೆಗಿತ್ತು

ಕಬುತೊಚೊದ ಷೇರುಕಟ್ಟೆಯಲ್ಲಿ ಸಾವಿರ ಗಂಟಲು
ಒಟ್ಟಿಗೆ ಕೂಗಿದರೆ ಒಂದೂ ಕೇಳದು.
ಅದಕ್ಕೇ ಕೈಸನ್ನೆ:
ಅಂಗೈ ಎದೆಯ ಕಡೆಗಿದ್ದರೆ ಕೊಂಡೆ,
ಹೊರಗೆ ತಿರುಗಿದರೆ ಮಾರಿದೆ.
ಚೀಟಿ ಆಮೇಲೆ, ಮೊಹರು ಇನ್ನೂ ಆಮೇಲೆ.
ಮೊದಲು ಬರೀ ಬೆರಳು,
ಮತ್ತೆ ಅದನ್ನು ನಂಬುವ ಎದುರಿನ ಕಣ್ಣು.

ನನಗಾಗ ಇಪ್ಪತ್ತಾರು.
ಹಿಂದಿನ ರಾತ್ರಿಯ ಸಾಕೆ ಇನ್ನೂ ಹಣೆಯೊಳಗೆ.
ಉಕ್ಕಿನ ಕಂಪನಿಯ ಐವತ್ತು ಸಾವಿರ ಷೇರು ಕೊಳ್ಳಬೇಕಿತ್ತು.
ಅಂಗೈ ತಾನಾಗಿ ಹೊರಳಿತು,
ಮಗುವಿಗೆ ಟಾಟಾ ಮಾಡಿದ ಹಾಗೆ.
ಎದುರಿಗೆ ಇಸೋಗಾಯ್. ತಲೆಯಾಡಿಸಿ ಗೀಚಿಕೊಂಡ.

ಊಟದ ಬಿಡುವಿನಲ್ಲಿ ಚೀಟಿ ತಾಳೆ ಹಾಕಿದರೆ
ನನ್ನದರಲ್ಲಿ ಕೊಂಡೆ, ಅವನದರಲ್ಲೂ ಕೊಂಡೆ.
ಮಾರಿದವನೇ ಇಲ್ಲದ ವ್ಯಾಪಾರ!
ಬೆಲೆ ಅಷ್ಟರಲ್ಲಿ ಏರಿಬಿಟ್ಟಿತ್ತು.
ಯಾರಾದರೊಬ್ಬ ಮಾರಿದವನಾಗಲೇಬೇಕು.

ಮೇಲ್ವಿಚಾರಕ ಕುರಾಮೋಚಿ ಕನ್ನಡಕ ತೆಗೆದು ಕೇಳಿದರು:
"ಅಂಗೈ ಯಾವ ಕಡೆಗಿತ್ತು?"
"ಒಳಗೆ" ಅಂದೆ.

ಕೈ ಕೊಟ್ಟದ್ದು ಕೈಯಲ್ಲ, ನಾಲಿಗೆ.

ಇಸೋಗಾಯ್ ನನ್ನನ್ನೇ ನೋಡಿದ,
ಬಿಸಿ ಚಹಾ ಒಂದು ಗುಟುಕು ಆರುವಷ್ಟು ಹೊತ್ತು.
"ನಾನೇ ತಪ್ಪಾಗಿ ನೋಡಿರಬೇಕು"
ಎಂದು ತನ್ನ ಚೀಟಿಯ ಮೇಲೆ ತಾನೇ ಗೀಟೆಳೆದ.
ಆ ಚಳಿಗಾಲ ಅವನಿಗೆ ಬೋನಸ್ಸು ಬರಲಿಲ್ಲವಂತೆ,
ಕ್ಯಾಂಟೀನಿನವಳು ಸಾರು ಬಡಿಸುತ್ತ ಹೇಳಿದಳು.

ಹೊಸವರ್ಷ ಕಳೆದು ಹಾವುಮೀನಿನ ಅಂಗಡಿಗೆ
ಲಕೋಟೆ ಹಿಡಿದು ಹೋದೆ.
ಚಾಪ್‌ಸ್ಟಿಕ್ಕಿನ ಹಿಂತುದಿಯಿಂದ ಅದನ್ನು
ನನ್ನ ಕಡೆಗೇ ತಳ್ಳಿದ.
"ಅದರ ಲೆಕ್ಕ ಮುಗೀತು.
ನಾಳೆಯೂ ನಾವು ಎದುರುಬದುರು ನಿಲ್ಲಬೇಕಲ್ಲ,
ಕೈ ಒಂಚೂರು ಎತ್ತರಕ್ಕೆ ಹಿಡಿ."
ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.
ಅವರವರ ಮೀನಿನ ದುಡ್ಡು ಅವರವರು ಕೊಟ್ಟೆವು.

ಕುರಾಮೋಚಿಗೆ ಹೇಳಿದೆನೇ? ಹೇಳಿದೆ,
ಮೂರು ವರ್ಷ ಬಿಟ್ಟು, ಅವರ ನಿವೃತ್ತಿಯ ಔತಣದ ಗದ್ದಲದಲ್ಲಿ.
ಅವರಿಗೆ ಕೇಳಿಸಿತೋ ಇಲ್ಲವೋ.
ಅದು ಹೇಳಿದ ಹಾಗಲ್ಲ.

ಆಮೇಲೆ ಹನ್ನೊಂದು ವರ್ಷ
ಇಸೋಗಾಯ್‌ಗೂ ನನಗೂ ಒಂದೇ ಒಂದು ಚೀಟಿ ತಪ್ಪಲಿಲ್ಲ.
ನನ್ನ ತೋಳು ಎಷ್ಟು ಮೇಲೇಳುತ್ತಿತ್ತೆಂದರೆ
ಹುಡುಗರು ಕೊಕ್ಕರೆ ಅಂತ ಕರೆಯುತ್ತಿದ್ದರು.

ಈಗ ಕಟ್ಟೆ ಮೂಕ.
ಮನೆಯಲ್ಲೇ ಕೂತು ಪರದೆ ನೋಡುತ್ತೇನೆ,
ನಮ್ಮಲ್ಲಿ ಏರಿದರೆ ಕೆಂಪು, ಇಳಿದರೆ ಹಸಿರು.
ಕೊಂಡೆ ಅನ್ನಲು ಬೆರಳ ತುದಿ ಸಾಕು.
ಮಾರಿದವನು ಯಾರೋ,
ಅವನ ಮನೆಯಲ್ಲಿ ಚಹಾ ಆರುತ್ತಿದೆಯೋ ಏನೋ.
ಗುಂಡಿ ಒತ್ತುವ ಮುಂಚೆ ನನ್ನ ಎಡಗೈ
ಸುಮ್ಮನೆ ಮೇಲೇಳುತ್ತದೆ, ತಲೆಗಿಂತ ಒಂದು ಗೇಣು ಮೇಲೆ.

ಒಳಕೋಣೆಯಿಂದ ಹೆಂಡತಿ ಕೇಳುತ್ತಾಳೆ,
ಯಾರನ್ನು ಕರೀತಿದ್ದೀರಿ?