ಮಸಿ ತುಂಬುವವಳು

ಅಣ್ಣ ಸೀಸದಕಡ್ಡಿಯಲ್ಲಿ ಗೀಚುತ್ತಾನೆ, ನಾನು ಮಸಿ ತುಂಬುತ್ತೇನೆ.
ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ:
ಎಲ್ಲಿ ಪೂರಾ ಕತ್ತಲು ಬೇಕೋ ಅಲ್ಲಿ
ಅವನೊಂದು ಸಣ್ಣ ಕತ್ತರಿಗುರುತು ಹಾಕಿರುತ್ತಾನೆ.
ಯಾಕೆಂದು ಕೇಳುವುದಿಲ್ಲ, ಕುಂಚ ಅದ್ದುತ್ತೇನೆ.
ಚಿಮಣಿಯ ಬಾಯಿ, ಇಗರ್ಜಿಯ ಹಿಂಬದಿ, ಬೆಕ್ಕಿನ ಹೊಟ್ಟೆಯಡಿ,
ಮೂರು ವರ್ಷ, ಆರು ಸಂಚಿಕೆ.
ಎಷ್ಟು ಕತ್ತಲೆಗಳನ್ನು ಹೆತ್ತಿದ್ದೇನೆ, ಲೆಕ್ಕವಿಲ್ಲ.

ಫೈಫ್ ಕರಾವಳಿಯ ಈ ಊರಲ್ಲೀಗ ಮಾಟಗಾತಿಯೇ ವ್ಯಾಪಾರ.
ಹೆರಿಂಗ್ ಮೀನು ಹೋಯಿತು, ಅವಳು ಉಳಿದಳು,
ಬಂದರಿನಂಗಡಿಯಲ್ಲಿ ಪಾತ್ರೆ ಒರೆಸುವ ಬಟ್ಟೆಯ ಮೇಲೆ:
ಚೂಪು ಟೊಪ್ಪಿಗೆ, ಪೊರಕೆ, ಏಳು ಪೌಂಡು.
ಬೆಸ್ಸಿ ಗೌರ್ಲೆ ಪೊರಕೆ ಹತ್ತಿದವಳಲ್ಲ, ಬಿಡಿ.
ಬಲೆ ಹೆಣೆಯುತ್ತಿದ್ದಳು. ಬಾಯಿ ಜೋರು.
ಯಾರದೋ ಹಸುವಿನ ಹಾಲು ಒಡೆದ ವಾರ
ಅವರ ಬೇಲಿಯ ಪಕ್ಕ ನಿಂತಿದ್ದಳು.
ಅಷ್ಟು ಸಾಕಾಯಿತು.

"ನಮ್ಮದು ಸುಟ್ಟವಳ ರಕ್ತ" ಎನ್ನುತ್ತಿದ್ದಳು ಅಜ್ಜಿ ಯೂಫೀಮಿಯಾ
ಹ್ಯಾಡಕ್ ಮೀನಿನ ಮುಳ್ಳು ಬಿಡಿಸುತ್ತ.
ಶಾಲೆಯಲ್ಲಿ ನಾನದನ್ನು ಮೆರೆದಾಡಿಸಿದೆ,
ಮೊಣಕೈಯ ಮಚ್ಚೆ ತೋರಿಸಿ ಹುಡುಗರನ್ನು ಓಡಿಸಿದೆ.
ಒಲೆಗೆ ಕಡ್ಡಿ ಗೀರುವಾಗ ಮಾತ್ರ ಅಜ್ಜಿ ಮುಖ ತಿರುಗಿಸುವಳು.
ದುಃಖ ಎಂದುಕೊಂಡಿದ್ದೆವು.

ಏಳನೇ ಸಂಚಿಕೆ, ಹತ್ತೊಂಬತ್ತನೇ ಪುಟ, ಐದನೇ ಚೌಕ.
ಕಡಲಗೋಡೆಯ ನೆರಳಿಗೆ ಕತ್ತರಿಗುರುತು.
ಕುಂಚ ಇಳಿಸುವ ಮೊದಲು ದೀಪ ಓರೆ ಮಾಡಿದೆ, ಸುಮ್ಮನೆ.
ಗುರುತಿನಡಿಯಲ್ಲಿ, ಉಸಿರಿಗೂ ಅಳಿಸುವಷ್ಟು ತೆಳ್ಳಗೆ,
ಒಬ್ಬ ನಿಂತಿದ್ದ. ಕಂಕುಳಲ್ಲಿ ಲೆಕ್ಕದ ಪುಸ್ತಕ,
ಹೆಬ್ಬೆರಳು ನಾಣ್ಯ ಎಣಿಸುತ್ತಿತ್ತು.
ಸೀಳಿದ ಗದ್ದ.
ನನ್ನದೇ ಗದ್ದ.
ಅಂಚಿನಲ್ಲಿ ಲ್ಯಾಕ್ಲನ್‌ನ ಅಕ್ಷರ: ಡಬ್ಬಿ ನೋಡು.

ಬಿಸ್ಕತ್ತಿನ ಡಬ್ಬಿ. ಮಿಠಾಯಿ ರಸೀದಿ, ಉಣ್ಣೆಯ ಗುಂಡಿ,
ಎರಡು ಹಾಳೆ. ಹಿಟ್ಟಿನ ಅಂಟು ಹಚ್ಚಿ ಒಂದು ಮಾಡಿದ್ದನ್ನು
ಅಣ್ಣ ಕೆಟಲಿನ ಹಬೆ ಹಿಡಿದು ಬಿಡಿಸಿಟ್ಟಿದ್ದ.
*ಕಲ್ಲಿದ್ದಲು, ಹನ್ನೆರಡು ಹೇರು.
ಟಾರಿನ ಪೀಪಾಯಿ, ಎರಡು.
ಸೆಣಬಿನ ಹಗ್ಗ.
ಹೆಂಗಸಿನ ಅಂಗಿಗೆ ಒರಟು ಬಟ್ಟೆ, ಮೂರು ಗಜ.
ಹಣ ಸಂದಾಯವಾಯಿತು: ಆಂಡ್ರೋ ಕಿನ್ನೆಲ್.*
ಕಿನ್ನೆಲ್. ನಮ್ಮ ಬಾಗಿಲಿನ ಹಿತ್ತಾಳೆಯ ಮೇಲಿರುವ ಹೆಸರು,
ಪ್ರತಿ ಶನಿವಾರ ಅಜ್ಜಿ ಹುಳಿ ಹಾಕಿ ತಿಕ್ಕುತ್ತಿದ್ದದ್ದು.
ಕೆಳಗೆ ನೀಲಿ ಬಾಲ್‌ಪೆನ್ನಿನಲ್ಲಿ, ಅವಳದೇ ಕೈ:
ಮಕ್ಕಳಿಗೆ ಬೇಡ.

ಬೆಸ್ಸಿಗೆ ಮಕ್ಕಳೇ ಇರಲಿಲ್ಲವಂತೆ.

ಫೋನು ಮಾಡಿದೆ. "ಮುಚ್ಚಲೋ ಬಿಡಲೋ?"
"ಗುರುತು ಹಾಕಿದ್ದೇನಲ್ಲ."
"ಹಾಕಿ, ಅದರಡಿಯಲ್ಲಿ ಬರೆದೂ ಇದ್ದೀಯ."
ಆ ಕಡೆ ಅವನ ಮಗು ಚಮಚ ಬೇಕೆಂದು ಅಳುತ್ತಿತ್ತು.
ಚಮಚ ಕೊಟ್ಟು ಬರುತ್ತೇನೆ ಎಂದ. ಬರಲಿಲ್ಲ.

ಈ ಕಸುಬು ಹಿಡಿದ ದಿನ ಅಜ್ಜಿ ಗದರಿದ್ದಳು:
ಮನೆತನಕ್ಕೆ ಮಸಿ ಬಳಿಯಬೇಡ.
ಬಳಿಯುವುದೇ ನನ್ನ ಸಂಬಳ, ಅಜ್ಜಿ.

ಆರನೇ ಚೌಕ ಚಿತೆ.
ಕಪ್ಪುಬಿಳುಪಿನ ಪುಸ್ತಕದಲ್ಲಿ ಬೆಂಕಿಗೆ ಬಣ್ಣವಿಲ್ಲ,
ಬೆಂಕಿಯನ್ನು ಯಾರೂ ಬರೆಯುವುದೂ ಇಲ್ಲ.
ಸುತ್ತ ಕತ್ತಲು ತುಂಬುತ್ತ ಬಂದರೆ
ನಡುವೆ ಉಳಿದ ಖಾಲಿ ಕಾಗದವೇ ಉರಿ.
ತುಂಬಿದೆ. ಉರಿಯಿತು.
ಬೆಸ್ಸಿಯ ಬಾಯಿ ತೆರೆದೇ ಇತ್ತು.

ಹಿಂದಕ್ಕೆ, ಐದಕ್ಕೆ ಬಂದೆ.
ಗೋಡೆ, ನೆರಳು, ಕೋಟು, ಪುಸ್ತಕ, ಹೆಬ್ಬೆರಳು,
ಎಲ್ಲ ಮುಳುಗಿಸಿದೆ.
ಗದ್ದದ ಬಳಿ ಕುಂಚದ ತುದಿ ತಾನಾಗಿ ಸುತ್ತು ಹಾಕಿತು.
ಅಕ್ಕಿಕಾಳಿನಷ್ಟು ಬಿಳಿ. ಮುದ್ರಣದವನು ದೂಳೆಂದುಕೊಂಡಾನು.

ದೀಪದ ಹೊಗೆ ಹಿಡಿದು ಮಾಡಿದ ಮಸಿಯಂತೆ ಇದು,
ಬಾಟಲಿಯ ಮೇಲೆ ಹಾಗೆ ಬರೆದಿದೆ.
ಸೀಸೆ ಮೂರು, ಇಪ್ಪತ್ತೆಂಟು ಪೌಂಡು ಐವತ್ತು.
ರಸೀದಿಗೆ ಸಹಿ ಹಾಕಿ
ಬಿಸ್ಕತ್ತಿನ ಡಬ್ಬಿಗೆ ಹಾಕಿದೆ.
ಅಂಟು ಹಚ್ಚಲಿಲ್ಲ.