ಬೆರಳಗಲ

ಕಾರವಾರದ ಗಾಳಿಗೆ ಹಿತ್ತಾಳೆ ಕಂಡರೆ ಆಸೆ.
ಒಂದು ಮಳೆಗಾಲ ಸಾಕು,
ಕ್ಲಿಪ್ಪುಗಳ ಹಲ್ಲಿಗೆಲ್ಲ ಹಸಿರು ಕಿಲುಬು.
ಹುಣಸೆಹಣ್ಣು ಹಾಕಿ ತಿಕ್ಕುತ್ತೇನೆ,
ದೇವರ ದೀಪ ತಿಕ್ಕಿದ ಹಾಗೆ, ಹರಕೆಯೇನೂ ಇಲ್ಲದೆ.
ಪ್ರಯೋಗಾಲಯದ ಅಟೆಂಡರ್ ನಾನು, ತುಳಸು ಗುನಗಿ.
ಕಪಾಟಿನ ಬೀಗದ ಕೈ ನನ್ನ ಉಡಿದಾರದಲ್ಲಿ.

ಇವತ್ತು ಪೆಡ್ನೇಕರ್ ಮೇಡಮ್ ಕೇಳಿದ್ದು ಇಷ್ಟೇ:
ಚಪಾತಿ ಸುತ್ತುವ ಬೆಳ್ಳಿಕಾಗದ, ಮೊಳದುದ್ದ ಎರಡು ಪಟ್ಟಿ,
ಒಂದು ಬ್ಯಾಟರಿ.
ಕಾಲೇಜಿನದು ಸತ್ತು ಎರಡು ವರ್ಷ.
ಮೀನುಗಾರಿಕೆ ನಿಂತ ತಿಂಗಳು, ಬೋಟು ದಡದಲ್ಲೇ ಅಂತ
ಬೈತಖೋಲದ ಹುಡುಗಿ ಶೇವಂತಿ ಹರಿಕಂತ್ರ
ಅಪ್ಪನ ಬ್ಯಾಟರಿಯನ್ನೇ ಗೋಣಿಯಲ್ಲಿ ಸುತ್ತಿ
ಆಟೋದಲ್ಲಿ ತಂದಳು.
ಕೋಣೆಗೆಲ್ಲ ಡೀಸೆಲ್ಲು, ಹಳೇ ಬಂಗುಡೆ.

ಪಟ್ಟಿಗಳನ್ನು ತೂಗುಬಿಟ್ಟೆ. ನಡುವೆ ಬೆರಳಗಲ.
ಸಮುದ್ರದ ಕಡೆಯ ಕಿಟಕಿ ಮುಚ್ಚಿ
ಉಸಿರು ಬಿಗಿಹಿಡಿದೆವು ಮೂವತ್ತೆಂಟು ಮಂದಿ.
ಮೇಡಮ್ ತಂತಿ ಮುಟ್ಟಿಸಿದರು,
ಒಂದು ಕ್ಷಣ, ಹೆಚ್ಚಾದರೆ ಸುಟ್ಟೀತು.

ಎರಡರಲ್ಲೂ ಹರಿವು ಮೇಲಿಂದ ಕೆಳಕ್ಕೆ.
ಎರಡೂ ಹೊಟ್ಟೆ ಮುಂದೆ ಮಾಡಿ ವಾಲಿದವು.
ಮುಟ್ಟಿದ್ದನ್ನು ಯಾರೂ ನೋಡಲಿಲ್ಲ,
ಮುಟ್ಟಿತು ಅಂತ ಎಲ್ಲರೂ ಕೂಗಿದರು.

ಕ್ಲಿಪ್ಪು ಅದಲುಬದಲು ಮಾಡಿದೆ.
ಒಂದರಲ್ಲಿ ಇಳಿತ, ಒಂದರಲ್ಲಿ ಏರು.
ಮಾತು ಬಿಟ್ಟ ವಾರಗಿತ್ತಿಯರು
ಬಾವಿಕಟ್ಟೆಯಲ್ಲಿ ಎದುರಾದ ಹಾಗೆ
ಬೆನ್ನು ಬಾಗಿಸಿ ಸರಿದವು.
ನಡುವೆ ಇದ್ದದ್ದು ಬರೀ ಗಾಳಿ.
ಅಂಟಿಲ್ಲ, ದಾರವಿಲ್ಲ, ಅಯಸ್ಕಾಂತದ ಚೂರೂ ಇಲ್ಲ.

ಓಡುವ ವಿದ್ಯುತ್ತು ತನ್ನ ಸುತ್ತ ಬಳೆ ತೊಡುತ್ತದೆ,
ಆ ಬಳೆಯೊಳಗೆ ಸಿಕ್ಕಿದ್ದಕ್ಕೆ ಪಕ್ಕದ ಓಟಕ್ಕೆ ಈ ಎಳೆತ.
ಮೇಡಮ್ ಬಳೆ ಬರೆದರು, ಬಾಣ ಬರೆದರು,
ಆಮೇಲೆ ತಡೆಯಲಾರದೆ ಅಂದರು:
"ನೋಡಿ, ಒಂದೇ ದಾರಿ ಹಿಡಿದವರು ಹತ್ತಿರವಾಗುತ್ತಾರೆ."

ಶೇವಂತಿ ಎದ್ದು ನಿಂತಳು.
"ನಮ್ಮಪ್ಪ, ದೊಡ್ಡಪ್ಪ
ಇಪ್ಪತ್ತು ವರ್ಷ ಒಂದೇ ದಿಕ್ಕಿಗೆ ಹೋದವರು ಮೇಡಮ್,
ಕೂರ್ಮಗಡದಾಚೆ, ಬೋಟಿಗೆ ಬೋಟು ಜೋಡಿ.
ಒಂದು ಬೆಳಗಾತ ತೀರಾ ಹತ್ತಿರ ಬಂದು ಬಡಿದವು.
ಹಲಗೆ ಸೀಳಿತು. ನೀನು ತಿರುಗಿಸಿದೆ, ನೀನು ತಿರುಗಿಸಿದೆ ಅಂತ
ಈಗ ಮಾತಿಲ್ಲ.
ಅದಕ್ಕೂ ಇದೇ ಕಾರಣವಾ?"

ಮೇಡಮ್ ಸೀಮೆಸುಣ್ಣ ಕೆಳಗಿಟ್ಟರು.
"ಅಲ್ಲ. ಅದು ನೀರಿನ ಕೆಲಸ.
ಎರಡು ಬೋಟಿನ ಸಂದಿಯಲ್ಲಿ ನೀರು ಜೋರಾಗಿ ನುಗ್ಗಿದರೆ
ಅಲ್ಲಿ ಒತ್ತಡ ಇಳಿಯುತ್ತದೆ,
ಹೊರಗಿನ ನೀರು ಒಳಕ್ಕೆ ದೂಡುತ್ತದೆ.
ಚುಕ್ಕಾಣಿ ನೆಟ್ಟಗಿದ್ದರೂ. ಅದು ಬೇರೆ ಅಧ್ಯಾಯ."

"ಹಾಗಾದರೆ ಯಾರೂ ತಿರುಗಿಸಿರಲಿಲ್ಲ?"

ಬೆಲ್ ಹೊಡೆಯಿತು. ಬೆಂಚುಗಳ ಗದ್ದಲದಲ್ಲಿ
ಮೇಡಮ್ ಏನಂದರೋ ನನಗೆ ಕೇಳಲಿಲ್ಲ.

ನಾನು ಮೊದಲು ಕೈಗಾ ಲೈನಿನಲ್ಲಿ ಕೂಲಿಗಿದ್ದವ.
ಗೋಪುರದ ತುದಿ; ಕೆಳಗೆ ಕಾಳಿ
ಬಿಚ್ಚಿ ಎಸೆದ ಮುಂಡಾಸಿನ ಹಾಗೆ.
ಜೋಡಿತಂತಿಯ ನಡುವೆ ಮೊಳದುದ್ದದ ಅಡ್ಡಪಟ್ಟಿ
ಮೂವತ್ತು ಮಾರಿಗೊಂದು ಬಿಗಿಯುತ್ತ ಹೋಗಬೇಕು.
ಯಾಕೆ ಅಂದದ್ದಕ್ಕೆ ಮೇಸ್ತ್ರಿ ನಕ್ಕಿದ್ದ:
"ಎರಡೂ ಒಂದೇ ಕಡೆ ಓಡುವವು ಮಾರಾಯಾ,
ಬಿಟ್ಟರೆ ಅಪ್ಪಿಕೊಳ್ಳುತ್ತವೆ.
ಎಲ್ಲಾದರೂ ಶಾರ್ಟ್ ಆದ ದಿನ, ಬಡಿದೇ ಸಾಯುತ್ತವೆ."

ಇದನ್ನು ಶೇವಂತಿಗೆ ಹೇಳಬೇಕೆಂದಿದ್ದೆ.
ನಡುವೆ ಅಂತರ ಇಟ್ಟದ್ದು ಆಗದವರೆಂದಲ್ಲ, ಅಂತ.
ಹೇಳಲಿಲ್ಲ. ಬ್ಯಾಟರಿ ಹೆಣಭಾರ.
ಒಂದು ಹಿಡಿ ನಾನು, ಒಂದು ಹಿಡಿ ಅವಳು,
ಗೇಟಿನ ತನಕ ಮಳೆಯಲ್ಲಿ ನಡೆದೆವು.
ಹಿಂದೆ ಕೋಣೆಯಲ್ಲಿ ಪಟ್ಟಿಗಳು ನೆಟ್ಟಗೆ ನೇತಾಡುತ್ತಿದ್ದವು,
ಎರಡರಲ್ಲೂ ನಡು ಬಾಗಿದ್ದ ಕಡೆ ಒಂದು ಸಣ್ಣ ಸುಕ್ಕು.

"ಆ ನೀರಿನ ಅಧ್ಯಾಯ ಯಾವ ಪುಸ್ತಕದಲ್ಲಿದೆ?"
"ಫಸ್ಟ್ ಇಯರಿನದರಲ್ಲಿ. ನಿನ್ನದು ಎಲ್ಲಿ?"
"ಮಾರಿದೆ."
"ಕಪಾಟಿನಲ್ಲಿದೆ, ಗೆದ್ದಲು ಹಿಡಿಯದ್ದು ನೋಡಿ ಒಂದು ಕೊಡುತ್ತೇನೆ."

ಆಟೋದವ ಹಾರ್ನ್ ಹೊಡೆದ.
ಅವಳು ಗೋಣಿ ಸರಿಮಾಡಿದಳು.
"ಎರಡು ಬೇಕು," ಅಂದಳು.