ಮೂರು ದಿನ

ಗ್ರಿಮ್ಸ್‌ಬಿ, ತೊಂಬತ್ತೊಂದರ ಅಕ್ಟೋಬರ್. ಮೀನು ಕೊಯ್ಯುವ ಷೆಡ್ಡಿನಲ್ಲಿ
ಹೊಗೆ ಹಿಡಿದ ರೇಡಿಯೋ ಕೆಮ್ಮುತ್ತ ಹೇಳಿತು:
ಕಟ್ಟಿಕೊಂಡವನೇ ಆಗಲಿ,
ಒಲ್ಲೆನೆಂದವಳ ಮೇಲೆ ಬಿದ್ದರೆ ಬಲಾತ್ಕಾರವೇ.
ಐವರು ನ್ಯಾಯಾಧೀಶರು, ಒಂದೇ ಮಾತು.

‘ಮತ್ತೆ ಇಷ್ಟು ದಿನ ಅದು ಏನಾಗಿತ್ತಂತೆ?’
ಲೊರೇನ್ ನಕ್ಕಳು.
ಎನಿಡ್ ತಲೆಯೆತ್ತಲಿಲ್ಲ.
ಹ್ಯಾಡಕ್ಕಿನ ಬೆನ್ನಗುಂಟ ಚೂರಿ ನಡೆಸಿದಳು
ಮುಳ್ಳಿಗೆ ಒಂದೆಳೆ ಮಾಂಸ ಅಂಟದ ಹಾಗೆ.

ಮೂರು ವಾರ ಐಸ್ಲೆಂಡಿನ ಕಡಲು,
ಮೂರು ದಿನ ಮನೆ. ಅವಳ ಗಂಡನ ಲೆಕ್ಕ ಅದು.
ಪಾದ್ರಿಯ ಮುಂದೆ ಒಮ್ಮೆ ಹೂಂ ಅಂದಿದ್ದಳಲ್ಲ,
ಆ ಹೂಂ
ಅವನ ಎಣ್ಣೆಬಟ್ಟೆಯ ಅಂಗಿಯಂತೆ
ಯಾವ ನೀರೂ ಇಳಿಯದೆ
ಬಾಗಿಲ ಹಿಂದೆ ತೂಗುತ್ತಿತ್ತು.

ಗೋಡೆಕಾಗದದ ಗುಲಾಬಿ
ಮಂಚದಿಂದ ಕಾಣುವವು ನಲವತ್ತೊಂದು.
ಇನ್ನೊಂದು ಬೀರುವಿನ ಹಿಂದೆ, ಅರ್ಧ.

ಎಪ್ಪತ್ತೆರಡರ ಚಳಿಯಲ್ಲಿ ಕಡಲು ಅವನನ್ನು ಇಟ್ಟುಕೊಂಡಿತು.
ಅತ್ತಳು, ಸುಳ್ಳಲ್ಲ.
ಆ ರಾತ್ರಿ ಹನ್ನೊಂದು ಗಂಟೆ ನಿದ್ದೆಯನ್ನೂ ಮಾಡಿದಳು.
ಅದನ್ನು ಯಾರಿಗೂ ಹೇಳಿಲ್ಲ.

ಸಂಜೆ, ಎಷ್ಟು ತೊಳೆದರೂ ಮೀನೇ ಆದ ಕೈಯಲ್ಲಿ
ಲೊರೇನಳ ತೋಳು ಹಿಡಿದು ಬಸ್ಸಿಗೆ ಕಾಯುತ್ತ ಕೇಳಿದಳು:
‘ನಿನ್ನ ತಮ್ಮ ಗೋಡೆಕಾಗದ ಕೆರೆಯುವ ಕೆಲಸ ಮಾಡುತ್ತಾನಲ್ಲ,
ಒಂದು ಕೋಣೆಗೆ ಎಷ್ಟು ತಗೋತಾನೆ?
ದೊಡ್ಡದೇನಲ್ಲ.
ಹಿಂದಿನದು.’